ರೊಮೇನಿಯನ್ ವಾಕ್ಯದಲ್ಲಿ ಪದಗಳ ಕ್ರಮ: 'ಕರ್ತೃ–ಕ್ರಿಯೆ–ಕರ್ಮ' ಎಂದು ಬಾಯಿಪಾಠ ಮಾಡಿದ ಮೇಲೂ ತಪ್ಪುತ್ತಿರುವುದೇಕೆ?

ಕುಂದಾನಗರಿಯವಳು

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವಳು, ಎಂಟು ತಿಂಗಳಿಂದ ರೊಮೇನಿಯಾದ ಕ್ಲುಝ್-ನಾಪೋಕಾದಲ್ಲಿ ಕೆಲಸದ ಮೇಲಿದ್ದೇನೆ. ಸಂಜೆಯ ತರಗತಿಗೆ ಹೋಗಿ ರೊಮೇನಿಯನ್ ಕಲಿಯುತ್ತಿದ್ದೇನೆ. ಮೊದಲ ಪಾಠದಲ್ಲೇ ಈ ಭಾಷೆಯ ವಾಕ್ಯ ಇಂಗ್ಲಿಷಿನಂತೆ ಕರ್ತೃ, ಕ್ರಿಯೆ, ಕರ್ಮ ಎಂಬ ಕ್ರಮದಲ್ಲಿ ನಡೆಯುತ್ತದೆ ಎಂದು ಹೇಳಿಕೊಟ್ಟರು. 'ಇಯೋನ್ ಚಿತೆಶ್ತೆ ಒ ಕಾರ್ತೆ', ಅಂದರೆ 'ಇಯೋನ್ ಒಂದು ಪುಸ್ತಕ ಓದುತ್ತಾನೆ', ಎಂಬ ಉದಾಹರಣೆಯಲ್ಲಿ ಅದು ಸರಿಯಾಗಿಯೇ ಇತ್ತು.

ಆದರೆ ತರಗತಿಯಿಂದ ಹೊರಗೆ ಬಂದರೆ ಈ ಸೂತ್ರ ಕೈಕೊಡುತ್ತಿದೆ. 'ನಾನು ಮಾರಿಯಾಳನ್ನು ನೋಡುತ್ತಿದ್ದೇನೆ' ಎನ್ನಲು 'ಯೆವ್ ವದ್ ಮಾರಿಯಾ' ಎಂದೆ. ಸಹೋದ್ಯೋಗಿ ಅದನ್ನು 'ಒ ವದ್ ಪೆ ಮಾರಿಯಾ' ಎಂದು ತಿದ್ದಿದಳು. ನಾನು ಹಾಕಿದ್ದ 'ನಾನು' ಹೋಯಿತು, ಹಾಕದೇ ಇದ್ದ ಎರಡು ಪದಗಳು ಬಂದವು. ಇನ್ನೊಂದು ದಿನ ಕೆಳಗಿನ ಸ್ವಾಗತ ಮೇಜಿನವರು 'ಆ ವೆನಿತ್ ಕುರಿಯೆರುಲ್!' ಎಂದು ಕೂಗಿದರು. ಪದಕ್ಕೆ ಪದ ಇಟ್ಟರೆ 'ಬಂದಿದ್ದಾನೆ ಕೊರಿಯರ್‌ನವನು' ಎಂದಾಗುತ್ತದೆ. ಕರ್ತೃ ಮೊದಲು ಬರಬೇಕಲ್ಲವೇ ಎಂದುಕೊಂಡು ನಾನು ಮುಂದಿನ ಮಾತಿಗಾಗಿ ಕಾಯುತ್ತ ನಿಂತೆ. ಮುಂದೆ ಮಾತೇ ಇರಲಿಲ್ಲ. 'ಮಾರಿಯಾ ಎಲ್ಲಿಗೆ ಹೋಗುತ್ತಾಳೆ' ಎನ್ನಲು 'ಉಂದೆ ಮಾರಿಯಾ ಮೆರ್ಜೆ' ಎಂದಾಗಲಂತೂ ಇಡೀ ಕೋಣೆಯೇ 'ಉಂದೆ ಮೆರ್ಜೆ ಮಾರಿಯಾ' ಎಂದು ತಿದ್ದಿತು.

ಈ ಭಾಷೆಯಲ್ಲಿ ಪದಕ್ರಮಕ್ಕೆ ನಿಯಮವಿದೆಯೇ, ಅಥವಾ ಕಿವಿಯಿಂದಲೇ ಕಲಿಯಬೇಕೇ? ತಿಳಿದವರು ದಯವಿಟ್ಟು ವಿವರಿಸಿ.

ಸೊಮೆಶ್ ದಂಡೆಯ ಕನ್ನಡಿಗ

ನಾನೂ ಇದೇ ಊರಿನಲ್ಲಿ ಒಂಬತ್ತು ವರ್ಷ ಇದ್ದವನು. ಮೊದಲು ಬರವಣಿಗೆಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನ ಉದಾಹರಣೆಗಳು ಗೊಂದಲವಾಗುತ್ತವೆ. ರೊಮೇನಿಯನ್‌ನ ತೆರೆದ 'ಆ' ಧ್ವನಿಯನ್ನು ದೀರ್ಘವಾಗಿಯೂ, ತಲೆಯ ಮೇಲೆ ಬಟ್ಟಲಿನಂಥ ಗುರುತಿರುವ ಮಂದ ಧ್ವನಿಯನ್ನು ನಮ್ಮ ಹ್ರಸ್ವ 'ಅ' ಆಗಿಯೂ ಬರೆಯೋಣ. 'ಒ ಕಾಸ' ಎಂದರೆ 'ಒಂದು ಮನೆ', 'ಕಾಸಾ' ಎಂದರೆ 'ಆ ಗೊತ್ತಿರುವ ಮನೆ'. ಅರ್ಥದ ವ್ಯತ್ಯಾಸವೆಲ್ಲ ಆ ಕೊನೆಯ ಸ್ವರದಲ್ಲೇ ಇದೆ. ಟೋಪಿ ಇಟ್ಟ ಇನ್ನೊಂದು ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. 'ಇ' ಎಂದು ಬರೆದು 'ಉ' ಕಡೆಗೆ ಸ್ವಲ್ಪ ಎಳೆದು ಓದಿಕೊಳ್ಳಿ.

ಈಗ ನಿಮ್ಮ ಪ್ರಶ್ನೆ. ನಿಯಮ ಖಂಡಿತ ಇದೆ, ಆದರೆ ಅದನ್ನು ನೀವು ಹುಡುಕುತ್ತಿರುವ ಜಾಗ ಬೇರೆ. ಕರ್ತೃ ಎಲ್ಲಿ, ಕರ್ಮ ಎಲ್ಲಿ ಎಂಬ ವಿಷಯದಲ್ಲಿ ರೊಮೇನಿಯನ್ ಸಾಕಷ್ಟು ಸಡಿಲ. ಕ್ರಿಯಾಪದ ಮತ್ತು ಅದಕ್ಕೆ ಅಂಟಿಕೊಂಡ ಚಿಕ್ಕಪುಟ್ಟ ಪದಗಳ ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ಸಡಿಲವಿಲ್ಲ. ಬಾಳೆ ಎಲೆಯ ಊಟವನ್ನು ನೆನೆಸಿಕೊಳ್ಳಿ: ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಇವಕ್ಕೆಲ್ಲ ಎಲೆಯ ಮೇಲೆ ಗೊತ್ತಾದ ಜಾಗವಿದೆ, ಬಡಿಸುವವನು ಅದನ್ನು ತಪ್ಪಿಸಿದರೆ ಪಂಕ್ತಿಯ ಹಿರಿಯರು ಸುಮ್ಮನಿರುವುದಿಲ್ಲ. ಉಣ್ಣುವವನು ಯಾವುದನ್ನು ಮೊದಲು ಬಾಯಿಗಿಟ್ಟ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಎಲೆಯೆಂದರೆ ಕ್ರಿಯಾಪದದ ಗುಂಪು.

ಆ ಗುಂಪಿನ ಒಳಗಿನ ಸಾಲು ಹೀಗಿದೆ: ಮೊದಲು ನಿಷೇಧದ 'ನು', ಬಳಿಕ 'ನನಗೆ, ನಿನಗೆ' ಎಂಬ ಅರ್ಥದ ಕಿರುಸರ್ವನಾಮ, ಬಳಿಕ 'ಅವನನ್ನು, ಅದನ್ನು' ಎಂಬ ಅರ್ಥದ ಕಿರುಸರ್ವನಾಮ, ಅದಾದ ಮೇಲೆ ಸಹಾಯಕ ಕ್ರಿಯಾಪದ, ಅದರ ಹಿಂದೆ 'ಮಾಯ್' ಮೊದಲಾದ ಕೆಲವೇ ಅವ್ಯಯಗಳು, ಕೊನೆಗೆ ಮುಖ್ಯ ಕ್ರಿಯಾಪದ. ಎಲ್ಲವೂ ಒಟ್ಟಿಗೆ ಬರುವ ಒಂದು ವಾಕ್ಯ: 'ನು ಮಿ ಲಾ ಮಾಯ್ ದಾತ್'. ಬಿಡಿಸಿದರೆ 'ಇಲ್ಲ – ನನಗೆ – ಅದನ್ನು – ಸಹಾಯಕ – ಮತ್ತೆ – ಕೊಟ್ಟ', ಅಂದರೆ 'ಅವನು ನನಗೆ ಅದನ್ನು ಮತ್ತೆ ಕೊಡಲಿಲ್ಲ'. ಬರವಣಿಗೆಯಲ್ಲಿ 'ಲಾ' ಎಂಬುದು 'ಲ್' ಮತ್ತು 'ಆ' ಎಂಬ ಎರಡು ಪದಗಳ ಜೋಡಣೆ. ಈ ಆರು ತುಂಡುಗಳಲ್ಲಿ ಯಾವ ಎರಡನ್ನು ಅದಲುಬದಲು ಮಾಡಿದರೂ ವಾಕ್ಯ ಕೆಡುತ್ತದೆ. 'ನಾನು', 'ಮಾರಿಯಾ', 'ನಿನ್ನೆ' ಎಂಬಂಥ ಹೊರಗಿನ ಪದಗಳನ್ನು ಅವುಗಳ ನಡುವೆ ತೂರಿಸಲೂ ಬರುವುದಿಲ್ಲ.

ನಿಷೇಧವನ್ನು ಬಿಟ್ಟು ಉಳಿದದ್ದನ್ನು ಗಮನಿಸಿ. 'ನನಗೆ – ಅದನ್ನು – ಮತ್ತೆ – ಕೊಡು' ಎಂಬ ಸಾಲು ಕನ್ನಡದ ಸಾಲೇ ಆಗಿದೆ. ಇಂಗ್ಲಿಷಿನ ಮೂಲಕ ಹೋದವರಿಗೆ ಸರ್ವನಾಮ ಕ್ರಿಯಾಪದದ ಮುಂಚೆ ಬರುವುದೇ ಒಂದು ವಿಚಿತ್ರ. ನಮಗೆ ಅದು ಮನೆಯ ಮಾತು. ಆದ್ದರಿಂದ ನನ್ನ ಸಲಹೆ ಇಷ್ಟೇ: ರೊಮೇನಿಯನ್ ವಾಕ್ಯ ಕಟ್ಟುವಾಗ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯವನ್ನು ಇಟ್ಟುಕೊಳ್ಳಬೇಡಿ.

ಪುತ್ತೂರು ಪುರಾಣ

'ಯೆವ್' ಬಿಟ್ಟುಹೋದ ಕಾರಣವನ್ನು ಯಾರೂ ಹೇಳಲಿಲ್ಲ. 'ಚಿತೆಸ್ಕ್' ಎಂದರೇ 'ಓದುತ್ತೇನೆ', 'ಚಿತೆಶ್ತ್' ಎಂದರೆ 'ಓದುತ್ತೀಯ', 'ಚಿತಿಮ್' ಎಂದರೆ 'ಓದುತ್ತೇವೆ'. ಕನ್ನಡದಂತೆ ಕ್ರಿಯಾಪದದ ಬಾಲವೇ ಯಾರು ಎಂಬುದನ್ನು ಹೇಳುವುದರಿಂದ 'ನಾನು, ನೀನು' ಬೇಕಾಗುವುದಿಲ್ಲ. ಪ್ರತಿ ವಾಕ್ಯಕ್ಕೂ 'ಯೆವ್' ಹಚ್ಚಿದರೆ, ಕನ್ನಡದಲ್ಲಿ ಒಬ್ಬ 'ನಾನು ಬಂದೆ, ನಾನು ಕೂತೆ, ನಾನು ಉಂಡೆ' ಎಂದು ಹೇಳುತ್ತ ಹೋದರೆ ಕೇಳಿಸುವಂತೆಯೇ ಅವರಿಗೂ ಕೇಳಿಸುತ್ತದೆ. 'ಚಿತೆಸ್ಕ್' ಎಂಬುದಕ್ಕೆ 'ಅವರು ಓದುತ್ತಾರೆ' ಎಂಬ ಅರ್ಥವೂ ಇರುವುದರಿಂದ ಅಲ್ಲಿ ಮಾತ್ರ ಸಂದರ್ಭ ನೋಡಿಕೊಳ್ಳಿ.

ನಿವೃತ್ತ ವ್ಯಾಕರಣ ಮೇಷ್ಟ್ರು

ಸೊಮೆಶ್ ದಂಡೆಯವರ ಬಾಳೆ ಎಲೆ ಹಿಡಿಸಿತು. 'ಒ ವದ್ ಪೆ ಮಾರಿಯಾ' ಎಂಬುದರಲ್ಲಿರುವ 'ಪೆ' ಬಗ್ಗೆ ನಾನು ಬರೆಯುತ್ತೇನೆ; ಕನ್ನಡ ಬಲ್ಲವರಿಗೆ ಇದರಷ್ಟು ಸುಲಭವಾದದ್ದು ಇನ್ನೊಂದಿಲ್ಲ.

ನಾವು 'ಪುಸ್ತಕ ಓದಿದೆ' ಎನ್ನುತ್ತೇವೆ, 'ಪುಸ್ತಕವನ್ನು ಓದಿದೆ' ಎಂದೂ ಎನ್ನುತ್ತೇವೆ. ಆದರೆ 'ಮಾರಿಯಾ ನೋಡಿದೆ' ಎಂದು ಯಾರೂ ಹೇಳುವುದಿಲ್ಲ. 'ಮಾರಿಯಾಳನ್ನು ನೋಡಿದೆ' ಎಂದೇ ಆಗಬೇಕು. ಕರ್ಮ ವಸ್ತುವಾದರೆ ದ್ವಿತೀಯಾ ವಿಭಕ್ತಿಯ 'ಅನ್ನು' ಎಷ್ಟೋ ಕಡೆ ಐಚ್ಛಿಕ, ಗೊತ್ತಿರುವ ಮನುಷ್ಯರಾದರೆ ಕಡ್ಡಾಯ. ರೊಮೇನಿಯನ್‌ನ 'ಪೆ' ಮಾಡುವುದೂ ಇದೇ ಬಗೆಯ ಕೆಲಸವನ್ನು. 'ಚಿತೆಸ್ಕ್ ಒ ಕಾರ್ತೆ' ಎಂಬಲ್ಲಿ 'ಪೆ' ಇಲ್ಲ, ವ್ಯಕ್ತಿಯ ಹೆಸರು ಕರ್ಮವಾದಾಗ 'ಪೆ' ಇರಲೇಬೇಕು. 'ಕಾವುತ್ ಉನ್ ಮೆದಿಕ್' ಎಂದರೆ 'ಡಾಕ್ಟರ್ ಹುಡುಕುತ್ತಿದ್ದೇನೆ', ಯಾರಾದರೂ ಆದೀತು. 'ಇಲ್ ಕಾವುತ್ ಪೆ ಮೆದಿಕ್' ಎಂದರೆ 'ಡಾಕ್ಟರನ್ನು ಹುಡುಕುತ್ತಿದ್ದೇನೆ', ನನಗೆ ಗೊತ್ತಿರುವ ಆ ಒಬ್ಬ ಡಾಕ್ಟರು. ಕನ್ನಡದ ಎರಡು ವಾಕ್ಯಗಳ ನಡುವಿನ ಸೂಕ್ಷ್ಮವನ್ನು ಒಮ್ಮೆ ಕಿವಿಗೊಟ್ಟು ಕೇಳಿದರೆ ಅಲ್ಲಿಯದು ತಾನೇ ಹೊಳೆಯುತ್ತದೆ.

ನಮ್ಮಲ್ಲಿಲ್ಲದ ಒಂದೇ ಅಂಶವೆಂದರೆ ಜೋಡಿಮಾತು. 'ಪೆ ಮಾರಿಯಾ' ಎಂದು ಹೇಳಿದ ಮೇಲೂ ಕ್ರಿಯಾಪದದ ಮುಂಚೆ 'ಒ', ಅಂದರೆ 'ಅವಳನ್ನು', ಎಂಬ ಕಿರುಸರ್ವನಾಮವನ್ನು ಇಡಬೇಕು: 'ಅವಳನ್ನು ನೋಡುತ್ತೇನೆ, ಮಾರಿಯಾಳನ್ನು'. ಗಂಡಸಾದರೆ 'ಇಲ್ ವದ್ ಪೆ ಇಯೋನ್'. ಕರ್ಮವನ್ನು ವಾಕ್ಯದ ಮೊದಲಿಗೆ ತಂದರೂ ಈ ಕಿರುಸರ್ವನಾಮ ಬಿಡುವಂತಿಲ್ಲ: 'ಪೆ ಮಾರಿಯಾ ಒ ವದ್'. ಗೊತ್ತಿರುವ ವಸ್ತುವನ್ನು ಹೀಗೆ ಮುಂದೆ ತಂದಾಗಲೂ ಅದು ಬೇಕು: 'ಕಾರ್ತ್ಯಾ ಆಮ್ ಚಿತಿತ್-ಒ ಯೆರ್', 'ಆ ಪುಸ್ತಕವನ್ನು ನಿನ್ನೆ ಓದಿದೆ'. ಕರ್ಮ ಎಲ್ಲೇ ಅಲೆದರೂ ಅದರ ಗುರುತಿನ ಚೀಟಿ ಎಲೆಯ ಮೇಲೆ ತನ್ನ ಜಾಗದಲ್ಲಿ ಇರುತ್ತದೆ. ಹಾಗಿರುವುದರಿಂದಲೇ ಕರ್ಮಕ್ಕೆ ಅಷ್ಟು ಸ್ವಾತಂತ್ರ್ಯ.

ಕುಂದಾನಗರಿಯವಳು

ಮೇಷ್ಟ್ರೇ, ತುಂಬಾ ಧನ್ಯವಾದ. ಆದರೆ ನೀವು ಕೊಟ್ಟ ಕೊನೆಯ ಉದಾಹರಣೆಯಲ್ಲೇ ನನಗೆ ಸಂಶಯ ಬಂತು. ಸೊಮೆಶ್ ದಂಡೆಯವರ ಸಾಲಿನ ಪ್ರಕಾರ ಕಿರುಸರ್ವನಾಮ ಸಹಾಯಕ ಕ್ರಿಯಾಪದಕ್ಕಿಂತ ಮುಂಚೆ ಬರಬೇಕು. 'ಲಾಮ್ ವಜುತ್', 'ಅವನನ್ನು ನೋಡಿದೆ', ಎಂಬಲ್ಲಿ ಹಾಗೆಯೇ ಇದೆ. 'ಆಮ್ ಚಿತಿತ್-ಒ' ಎಂಬಲ್ಲಿ 'ಒ' ಏಕೆ ಬಾಲಕ್ಕೆ ಹೋಯಿತು?

ಸೊಮೆಶ್ ದಂಡೆಯ ಕನ್ನಡಿಗ

ಸರಿಯಾಗಿ ಹಿಡಿದಿರಿ, ನಾನು ಹೇಳದೆ ಬಿಟ್ಟ ಅಪವಾದ ಅದು. ಸ್ತ್ರೀಲಿಂಗದ 'ಒ' ಮಾತ್ರ ಭೂತಕಾಲದ 'ಆಮ್, ಆಯ್, ಆ' ಮೊದಲಾದ ಸಹಾಯಕಗಳ ಮುಂದೆ ನಿಲ್ಲುವುದಿಲ್ಲ; ಮುಖ್ಯ ಕ್ರಿಯಾಪದದ ಹಿಂದೆ ಹೋಗಿ ಅಂಟಿಕೊಳ್ಳುತ್ತದೆ. 'ಲಾಮ್ ವಜುತ್' ಎಂದರೆ ಅವನನ್ನು, 'ಆಮ್ ವಜುತ್-ಒ' ಎಂದರೆ ಅವಳನ್ನು. 'ನೋಡುತ್ತಿದ್ದೆ, ಅವಕಾಶವಿದ್ದರೆ' ಎಂಬರ್ಥದ 'ಆಶ್' ಜೊತೆಗೂ ಅಷ್ಟೇ: 'ಲಾಶ್ ವೆದ್ಯಾ', ಆದರೆ 'ಆಶ್ ವೆದ್ಯಾ-ಒ'. ಭವಿಷ್ಯತ್ಕಾಲದ 'ವೊಯ್' ಬಂದಾಗ 'ಒ' ಮತ್ತೆ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ: 'ಒ ವೊಯ್ ವೆದ್ಯಾ'. ಸಹಾಯಕವು ಸ್ವರದಿಂದ ಶುರುವಾದರೆ 'ಒ' ಹಿಂದಕ್ಕೆ, ವ್ಯಂಜನದಿಂದ ಶುರುವಾದರೆ ಮುಂದಕ್ಕೆ ಎಂದು ನೆನಪಿಟ್ಟುಕೊಂಡರೆ ಈ ಉದಾಹರಣೆಗಳಿಗೆಲ್ಲ ಸಾಕು.

ಆಜ್ಞೆಯಲ್ಲಿ ಇನ್ನೊಂದು ಪಲ್ಲಟವಿದೆ. 'ದಮ್ ಕಾರ್ತ್ಯಾ', 'ಪುಸ್ತಕ ಕೊಡು ನನಗೆ', ಎಂಬಲ್ಲಿ 'ನನಗೆ' ಎಂಬ 'ಮ್' ಕ್ರಿಯಾಪದದ ಹಿಂದಿದೆ. 'ಕೊಡಬೇಡ' ಎಂದ ಕೂಡಲೇ ಅದು ಮುಂದೆ ಬರುತ್ತದೆ: 'ನುಮ್ ದಾ ಕಾರ್ತ್ಯಾ'. ಅಂಗಡಿಯಲ್ಲಿ, ಬಸ್ಸಿನಲ್ಲಿ ದಿನಕ್ಕೆ ಹತ್ತು ಸಲ ಇದು ಕಿವಿಗೆ ಬೀಳುವುದರಿಂದ ಬೇಗ ರೂಢಿಯಾಗುತ್ತದೆ.

ತಿಮಿಶ್ವಾರಾ ನರ್ಸಮ್ಮ

ಎಲ್ಲರೂ ಕನ್ನಡ–ರೊಮೇನಿಯನ್ ಭಾಯಿ ಭಾಯಿ ಎನ್ನುತ್ತಿದ್ದೀರಿ. ನನ್ನ ಅನುಭವದಲ್ಲಿ ಅದು ಅರ್ಧ ಸತ್ಯ. ಒಳ್ಳೆಯ ಅರ್ಧವನ್ನು ಮೊದಲು ಹೇಳುತ್ತೇನೆ. 'ಮ್ಯೆ ಫ್ವಾಮೆ' ಎಂದರೆ 'ನನಗೆ ಹಸಿವು', 'ಮ್ಯೆ ಫ್ರಿಗ್' ಎಂದರೆ 'ನನಗೆ ಚಳಿ', 'ಇಮ್ ತ್ರೆಬುಯೆ ಉನ್ ಕ್ರೆಯೊನ್' ಎಂದರೆ 'ನನಗೆ ಪೆನ್ಸಿಲ್ ಬೇಕು', 'ಮಾರಿಯೆಯ್ ಇಯ್ ಪ್ಲಾಚೆ ಕಾಫ್ಯಾವಾ' ಎಂದರೆ 'ಮಾರಿಯಾಳಿಗೆ ಕಾಫಿ ಇಷ್ಟ'. ಹಸಿವು, ಚಳಿ, ಬೇಕು, ಇಷ್ಟ ಇವೆಲ್ಲ ಮನುಷ್ಯನಿಗೆ 'ಆಗುವ' ಸಂಗತಿಗಳು, ಅವನು 'ಮಾಡುವ' ಕೆಲಸಗಳಲ್ಲ ಎಂಬ ದೃಷ್ಟಿ ಎರಡೂ ಭಾಷೆಗಳಿಗಿದೆ. ಚತುರ್ಥಿಯ 'ನನಗೆ' ಎಂಬುದೇ ವಾಕ್ಯದ ತಲೆಯಲ್ಲಿ ಕೂರುತ್ತದೆ. ನನ್ನ ಜೊತೆಗೆ ಕಲಿತ ಬೇರೆ ದೇಶದವರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡಿದರು, ನನಗೆ ಒಂದು ಸಂಜೆ ಸಾಕಾಯಿತು.

ಆ ಹುಮ್ಮಸ್ಸಿನಲ್ಲೇ ನಾನು ಬಿದ್ದೆ. 'ನನಗೆ ತಲೆ ನೋವು' ಎನ್ನಲು 'ಇಮ್ ದ್ವಾರೆ ಕಾಪುಲ್' ಎಂದು ವಾರಗಟ್ಟಲೆ ಹೇಳಿದೆ. ಸರಿಯಾದದ್ದು 'ಮ ದ್ವಾರೆ ಕಾಪುಲ್', ಅಂದರೆ 'ನನ್ನನ್ನು ನೋಯಿಸುತ್ತಿದೆ ತಲೆ'. ನೋವಿಗೆ ಮಾತ್ರ ಚತುರ್ಥಿ ಇಲ್ಲ, ದ್ವಿತೀಯೆ. ನನ್ನ ಕೆಲಸದಲ್ಲಿ ದಿನವಿಡೀ ಬಳಕೆಯಾಗುವ ವಾಕ್ಯವೇ ಇದು. ರೋಗಿಗಳು ಪಾಪ ಅರ್ಥಮಾಡಿಕೊಳ್ಳುತ್ತಿದ್ದರು; ಕೊನೆಗೆ ಎಂಬತ್ತರ ಅಜ್ಜಿಯೊಬ್ಬರು ತಮ್ಮ ಮೊಣಕಾಲನ್ನು ತೋರಿಸುತ್ತ 'ಮ, ಮ, ಮ ದ್ವಾರೆ' ಎಂದು ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದ ಮೇಲೆ ಅದು ಹೋಯಿತು.

ಇನ್ನು ಕೆಟ್ಟ ಅರ್ಧ. ನಾಮಪದದ ಸುತ್ತ ಇರುವುದೆಲ್ಲ ನಮಗೆ ತಲೆಕೆಳಗು. ನಾವು 'ಹುಡುಗನ ಪುಸ್ತಕ' ಎಂದರೆ ಅವರು 'ಕಾರ್ತ್ಯಾ ಬಯಾತುಲುಯ್', 'ಪುಸ್ತಕ ಹುಡುಗನ' ಎನ್ನುತ್ತಾರೆ. 'ನನ್ನ ಪುಸ್ತಕ' ಎಂಬುದು 'ಕಾರ್ತ್ಯಾ ಮ್ಯಾ'. ಇಲ್ಲಿ ಕನ್ನಡವನ್ನು ನಂಬಿದರೆ ಕೆಟ್ಟೆವು.

ನಿವೃತ್ತ ವ್ಯಾಕರಣ ಮೇಷ್ಟ್ರು

ನರ್ಸಮ್ಮನವರೇ, ತಲೆಕೆಳಗು ಎಂಬುದು ನಿಜ, ಆದರೆ ಅದು ಕನ್ನಡಿಯಲ್ಲಿ ಕಂಡಷ್ಟು ಕರಾರುವಾಕ್ಕಾದ ತಲೆಕೆಳಗು. ಅದರಿಂದ ಲಾಭವೂ ಇದೆ. 'ಪಿಸಿಕಾ ದೆ ಪೆ ಮಾಸ' ಎಂಬುದನ್ನು ನೋಡಿ. 'ಪಿಸಿಕಾ' ಬೆಕ್ಕು, 'ಪೆ' ಮೇಲೆ, 'ಮಾಸ' ಮೇಜು; ನಡುವಿನ 'ದೆ' ಎಂಬುದು ಬೆಕ್ಕಿಗೂ ಮೇಲಿನದಕ್ಕೂ ನಂಟು ಹಾಕುವ ಪದ. ಈಗ ಬಲದಿಂದ ಎಡಕ್ಕೆ ಓದಿ: ಮೇಜು, ಮೇಲೆ, ಇನ, ಬೆಕ್ಕು. 'ಮೇಜಿನ ಮೇಲಿನ ಬೆಕ್ಕು'! ನಾವು 'ಮೇಲೆ' ಎಂಬುದಕ್ಕೆ 'ಇನ' ಹಚ್ಚುವ ಜಾಗದಲ್ಲೇ ಅವರು 'ದೆ' ಹಚ್ಚಿದ್ದಾರೆ. 'ಪೆ' ಎಂಬ ಪದವೇ ಇಲ್ಲಿ 'ಮೇಲೆ' ಎಂಬರ್ಥದಲ್ಲಿಯೂ, ಮಾರಿಯಾಳ ಮುಂಚೆ 'ಅನ್ನು' ಎಂಬರ್ಥದಲ್ಲಿಯೂ ದುಡಿಯುತ್ತದೆ ಎಂಬುದನ್ನೂ ಗಮನಿಸಿ.

ವಿಶೇಷಣ ಸಾಮಾನ್ಯವಾಗಿ ನಾಮಪದದ ಹಿಂದೆ ಬರುತ್ತದೆ. ಮುಂದೆ ತರುವುದೂ ಉಂಟು, ಆಗ ಅರ್ಥದ ಬಣ್ಣ ಬದಲಾಗುತ್ತದೆ. 'ಉನ್ ಓಮ್ ಮಾರೆ' ಎಂದರೆ ಆಕಾರದಲ್ಲಿ ದೊಡ್ಡವನು ಅಥವಾ ವಯಸ್ಸಿಗೆ ಬಂದವನು. 'ಉನ್ ಮಾರೆ ಓಮ್' ಎಂದರೆ ಹಿರಿಮೆಯುಳ್ಳವನು. ನಾವು 'ದೊಡ್ಡ ಮನುಷ್ಯ' ಎಂಬ ಒಂದೇ ಮಾತಿನಲ್ಲಿ, ದನಿಯ ಏರಿಳಿತದಿಂದ, ವ್ಯಂಗ್ಯವನ್ನೂ ಸೇರಿಸಿ, ಇದೆಲ್ಲವನ್ನೂ ಮುಗಿಸುತ್ತೇವೆ. ನಿಶ್ಚಿತತೆಯನ್ನು ಹೇಳುವ ಪ್ರತ್ಯಯ ಆ ಗುಂಪಿನಲ್ಲಿ ಮುಂದೆ ನಿಂತ ಪದಕ್ಕೆ ಹತ್ತುತ್ತದೆ: 'ಕಾಸಾ ಫ್ರುಮ್ವಾಸ' ಎಂಬಲ್ಲಿ ಮನೆಗೆ, 'ಫ್ರುಮ್ವಾಸಾ ಕಾಸ' ಎಂಬಲ್ಲಿ 'ಸುಂದರ' ಎಂಬುದಕ್ಕೆ. ಹೀಗೆ ನಾಮಪದದ ಬಾಲಕ್ಕೆ ನಿಶ್ಚಿತ ಪ್ರತ್ಯಯ ಹಚ್ಚುವ ಪದ್ಧತಿ ನೆರೆಯ ಬಲ್ಗೇರಿಯನ್, ಅಲ್ಬೇನಿಯನ್ ಭಾಷೆಗಳಲ್ಲೂ ಇದೆ. ಲ್ಯಾಟಿನ್ ಮೂಲದ ಅಕ್ಕತಂಗಿಯರಾದ ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲಿ ಅದು ಮುಂದೆ ನಿಲ್ಲುವ ಬಿಡಿಪದ. ಬಾಲ್ಕನ್ ನೆರೆಹೊರೆಯ ಸಹವಾಸ ಎಂದು ವಿದ್ವಾಂಸರು ಇದನ್ನು ಚರ್ಚಿಸುತ್ತಾರೆ.

ಪುತ್ತೂರು ಪುರಾಣ

'ಪೆ ಮಾಸ' ಎಂಬಲ್ಲಿ ಮೇಜು ಗೊತ್ತಿರುವ ಮೇಜೇ ಆದರೂ 'ಪೆ ಮಾಸಾ' ಆಗುವುದಿಲ್ಲ ಎಂಬುದನ್ನು ಸೇರಿಸುತ್ತೇನೆ. ಇಂಥ ಪದಗಳ ಹಿಂದೆ ಬರುವ ಒಂಟಿ ನಾಮಪದ ತನ್ನ ನಿಶ್ಚಿತ ಪ್ರತ್ಯಯವನ್ನು ಕಳಚಿಡುತ್ತದೆ. ಜೊತೆಗೆ ವಿಶೇಷಣ ಬಂದರೆ ತಿರುಗಿ ತೊಡುತ್ತದೆ: 'ಪೆ ಮಾಸಾ ಮಾರೆ'. 'ಜೊತೆ' ಎಂಬರ್ಥದ 'ಕು' ಇದಕ್ಕೆ ಒಗ್ಗುವುದಿಲ್ಲ, 'ಕು ತ್ರೆನುಲ್' ಎಂದೇ ಹೇಳುತ್ತಾರೆ. ಎಣಿಕೆಯಲ್ಲೂ ಒಂದು ಕೊಂಡಿಯಿದೆ: 'ದೊವ ಕರ್ತ್ಸ್', ಎರಡು ಪುಸ್ತಕ. 19ರವರೆಗೆ ಹೀಗೆ, 20 ಮುಟ್ಟಿದ ಕೂಡಲೇ ನಡುವೆ 'ದೆ' ಬೇಕು: 'ದೊವಜೆಚ್ ದೆ ಕರ್ತ್ಸ್'.

ಕುಂದಾನಗರಿಯವಳು

ನನ್ನ ಕೊರಿಯರ್‌ನವನು ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ! 'ಆ ವೆನಿತ್ ಕುರಿಯೆರುಲ್' ಎಂದು ಕರ್ತೃವನ್ನು ಹಿಂದೆ ಹಾಕಿದ್ದೇಕೆ?

ಸೊಮೆಶ್ ದಂಡೆಯ ಕನ್ನಡಿಗ

ನಿಲ್ದಾಣದಲ್ಲಿ ನಿಂತಾಗ ನಾವೇನು ಹೇಳುತ್ತೇವೆ? 'ಬಂತು ಟ್ರೈನು!' ಅವರು 'ವಿನೆ ತ್ರೆನುಲ್!' ಎನ್ನುತ್ತಾರೆ. ಅದೇ ಇದು.

ನಿವೃತ್ತ ವ್ಯಾಕರಣ ಮೇಷ್ಟ್ರು

ಕ್ಷಮಿಸಿ, ಇಲ್ಲಿ ನಾನು ಒಪ್ಪುವುದಿಲ್ಲ. ಹೊರನೋಟಕ್ಕೆ ಒಂದೇ ರೀತಿ ಕಂಡರೂ ಎರಡರ ಒಳಗಿನ ಕೆಲಸ ಬೇರೆ, ಮತ್ತು ಹೊಸಬರು ಎಡವುವುದು ಇಂಥ ಕಡೆಯೇ. ಕನ್ನಡದಲ್ಲಿ ಕ್ರಿಯಾಪದದ ಹಿಂದಕ್ಕೆ ತಳ್ಳಿದ ಪದ ಸಾಮಾನ್ಯವಾಗಿ ಕೇಳುಗನಿಗೆ ಆಗಲೇ ಗೊತ್ತಿರುವಂಥದು. ಟ್ರೈನಿಗಾಗಿ ಇಬ್ಬರೂ ಕಾಯುತ್ತಿದ್ದಾರೆ, ಆದ್ದರಿಂದ 'ಬಂತು' ಎಂಬುದೇ ಸುದ್ದಿ, 'ಟ್ರೈನು' ಬರೀ ಬಾಲಂಗೋಚಿ. ಹೊಸ ಸುದ್ದಿಯನ್ನು ನಾವು ಕ್ರಿಯಾಪದದ ಹಿಂದಿಡುವುದಿಲ್ಲ, ಅದರ ಮುಂಚೆಯೇ ಇಡುತ್ತೇವೆ. 'ಯಾರು ಬಂದರು?' ಎಂದು ಕೇಳಿದರೆ 'ಮಾರಿಯಾ ಬಂದಳು' ಎನ್ನುತ್ತೇವೆಯೇ ಹೊರತು 'ಬಂದಳು ಮಾರಿಯಾ' ಎನ್ನುವುದಿಲ್ಲ.

ರೊಮೇನಿಯನ್‌ನಲ್ಲಿ ಇದಕ್ಕೆ ವಿರುದ್ಧ. 'ಯಾರು ಬಂದರು?' ಎಂಬುದಕ್ಕೂ 'ಏನಾಯಿತು?' ಎಂಬುದಕ್ಕೂ 'ಆ ವೆನಿತ್ ಮಾರಿಯಾ' ಎಂಬುದೇ ಸಹಜ ಉತ್ತರ. ಬರುವುದು, ಹೋಗುವುದು, ಕಾಣಿಸಿಕೊಳ್ಳುವುದು, ಇರುವುದು ಇಂಥ ಕ್ರಿಯಾಪದಗಳಲ್ಲಿ ಹೊಸದಾಗಿ ರಂಗಕ್ಕೆ ಬರುವ ಕರ್ತೃ ಕ್ರಿಯಾಪದದ ಹಿಂದೆ ಬರುತ್ತದೆ. ಮೊದಲೇ ಮಾತಿನಲ್ಲಿದ್ದ ಮಾರಿಯಾಳ ಬಗ್ಗೆ ಏನಾದರೂ ಹೇಳುವಾಗ 'ಮಾರಿಯಾ ಆ ವೆನಿತ್' ಎಂಬ ಕ್ರಮ ಬರುತ್ತದೆ. ಅವರ ಕಥೆಗಳು ಶುರುವಾಗುವುದೂ 'ಆ ಫೋಸ್ತ್ ಒದಾತ ಉನ್ ಇಂಪರಾತ್' ಎಂದು, 'ಇದ್ದ ಒಂದು ಸಲ ಒಬ್ಬ ಚಕ್ರವರ್ತಿ'. ಚಕ್ರವರ್ತಿ ಕೇಳುಗನಿಗೆ ಹೊಸಬ, ಆದ್ದರಿಂದ ಕೊನೆಗೆ ಬಂದ. ನಾವು 'ಒಂದೂರಲ್ಲಿ ಒಬ್ಬ ರಾಜ ಇದ್ದ' ಎಂದು ರಾಜನನ್ನು 'ಇದ್ದ' ಎಂಬುದರ ಮುಂಚೆಯೇ ತರುತ್ತೇವೆ. ಒಟ್ಟಿನಲ್ಲಿ ಹೊಸಬರ ಪೀಠ ನಮ್ಮಲ್ಲಿ ಕ್ರಿಯಾಪದದ ಎಡಕ್ಕೆ, ಅವರಲ್ಲಿ ಬಲಕ್ಕೆ.

ಸೊಮೆಶ್ ದಂಡೆಯ ಕನ್ನಡಿಗ

ಮೇಷ್ಟ್ರೇ, ಒಪ್ಪಿದೆ. ಒಂಬತ್ತು ವರ್ಷ ಇದನ್ನು ಸರಿಯಾಗಿ ಬಳಸುತ್ತ ತಪ್ಪಾಗಿ ಅರ್ಥಮಾಡಿಕೊಂಡಿದ್ದೆ. ಪ್ರಶ್ನೆಯ ವಿಷಯದಲ್ಲಾದರೂ ನನ್ನ ಹೋಲಿಕೆ ನಿಲ್ಲಬಹುದು ಎಂದುಕೊಂಡಿದ್ದೇನೆ. 'ಉಂದೆ ಮೆರ್ಜೆ ಮಾರಿಯಾ?' ಎಂಬುದು ನಮ್ಮ 'ಎಲ್ಲಿಗೆ ಹೋಗುತ್ತಾಳೆ ಮಾರಿಯಾ?' ಎಂಬುದೇ ಅಲ್ಲವೇ? ಕನ್ನಡದಲ್ಲಿ 'ಎಲ್ಲಿಗೆ' ಎಂಬುದು ಕ್ರಿಯಾಪದಕ್ಕೆ ಮೈತಾಗಿಸಿ ನಿಲ್ಲಲು ಬಯಸುತ್ತದೆ, ರೊಮೇನಿಯನ್‌ನಲ್ಲೂ ಹಾಗೆಯೇ ನಿಲ್ಲಬೇಕು. ನಡುವೆ ಮಾರಿಯಾ ತೂರುವಂತಿಲ್ಲ. ಕುಂದಾನಗರಿಯವರ ವಾಕ್ಯ ಕೆಟ್ಟದ್ದು ಅದೊಂದೇ ಕಾರಣಕ್ಕೆ. ಇಬ್ಬರು ಪ್ರಶ್ನಾರ್ಥಕರು ಬಂದಾಗಲಂತೂ ಪದಕ್ಕೆ ಪದ ಕೂಡುತ್ತದೆ: 'ಚಿನೆ ಚೆ ಆ ಸ್ಪುಸ್?', 'ಯಾರು ಏನು ಹೇಳಿದರು?' ಇಂಗ್ಲಿಷಿನಲ್ಲಿ ಒಂದು ಮಾತ್ರ ಮುಂದೆ ಬಂದು ಇನ್ನೊಂದು ಹಿಂದೆಯೇ ಉಳಿಯುತ್ತದೆ. ಹೌದು–ಅಲ್ಲ ಎಂಬ ಉತ್ತರದ ಪ್ರಶ್ನೆಗೆ ಕ್ರಮ ಬದಲಿಸುವ ಅಗತ್ಯವೇ ಇಲ್ಲ, ದನಿ ಏರಿಸಿದರೆ ಸಾಕು.

ನಿವೃತ್ತ ವ್ಯಾಕರಣ ಮೇಷ್ಟ್ರು

ಇದು ನಿಲ್ಲುತ್ತದೆ. 'ದೆ ಚೆ', ಅಂದರೆ 'ಏಕೆ', ಎಂಬುದೊಂದು ಸಡಿಲ ಗಿರಾಕಿ. ಅದರ ಮತ್ತು ಕ್ರಿಯಾಪದದ ನಡುವೆ ಕರ್ತೃ ಬಂದರೆ ನಡೆಯುತ್ತದೆ: 'ದೆ ಚೆ ಮಾರಿಯಾ ನು ವಿನೆ?' ಕನ್ನಡದಲ್ಲೂ 'ಏಕೆ ಮಾರಿಯಾ ಬರುವುದಿಲ್ಲ?' ಎನ್ನಬಹುದಲ್ಲ. 'ಯಾರೂ ಬರಲಿಲ್ಲ' ಎಂಬಲ್ಲಿ ನಮಗೆ 'ಇಲ್ಲ' ಬೇಕಾಗುವಂತೆ ಅವರಿಗೂ 'ನಿಮೆನ್' ಜೊತೆಗೆ 'ನು' ಬೇಕೇ ಬೇಕು: 'ನಿಮೆನ್ ನು ಆ ವೆನಿತ್'.

ಪುತ್ತೂರು ಪುರಾಣ

ಕರ್ತೃವನ್ನು ಹಿಂದಕ್ಕೆ ಹಾಕುವುದು ಇತ್ತೀಚಿನ ಆಡುಮಾತಿನ ಚಾಳಿ ಇರಬಹುದೇ? ನನ್ನ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ.

ನಿವೃತ್ತ ವ್ಯಾಕರಣ ಮೇಷ್ಟ್ರು

ಇತ್ತೀಚಿನದು ಖಂಡಿತ ಅಲ್ಲ. ತಾರೀಖು ಗೊತ್ತುಮಾಡಿರುವ, ಉಳಿದುಬಂದ ಅತಿ ಹಳೆಯ ರೊಮೇನಿಯನ್ ಬರಹವೆಂದರೆ 1521ರ ಒಂದು ಪತ್ರ. ಕಿಂಪುಲುಂಗ್ ಊರಿನ ನ್ಯಾಕ್ಶು ಎಂಬವನು ಬ್ರಾಶೋವ್ ನಗರದ ಮುಖ್ಯಸ್ಥ ಬೆಂಕ್ನರ್‌ಗೆ ತುರ್ಕರ ಸೇನೆಯ ಚಲನವಲನವನ್ನು ತಿಳಿಸಲು ಅದನ್ನು ಸಿರಿಲಿಕ್ ಲಿಪಿಯಲ್ಲಿ ಬರೆದ. ಶುರುವಿನ ಮತ್ತು ಕೊನೆಯ ಒಕ್ಕಣೆ ಸ್ಲಾವೋನಿಕ್ ಭಾಷೆಯದು, ಸುದ್ದಿಯ ಭಾಗ ರೊಮೇನಿಯನ್. ಅದರಲ್ಲಿ 'ದಾವ್ ಶ್ತಿರೆ' ಎಂದು, 'ಸುದ್ದಿ ಕೊಡುತ್ತೇನೆ' ಎಂದು, 'ನಾನು' ಇಲ್ಲದೆಯೇ ವಿಷಯಕ್ಕೆ ಇಳಿಯುತ್ತಾನೆ. ಸ್ವಲ್ಪ ಮುಂದೆ 'ಕುಮ್ ಆಮ್ ಆವುಜಿತ್ ಯೆವ್' ಎನ್ನುತ್ತಾನೆ: 'ಹೇಗೆ ಕೇಳಿದ್ದೇನೋ ನಾನು, ಹಾಗೆ'. ಸಹಾಯಕ, ಕ್ರಿಯಾಪದ, ಹಿಂದೆ ಕರ್ತೃ. ಐನೂರು ವರ್ಷ ಕಳೆದ ಮೇಲೂ ಆ ನಾಲ್ಕು ಪದಗಳನ್ನು ಇದೇ ಸಾಲಿನಲ್ಲಿ ಇಂದು ಯಾರಾದರೂ ಹೇಳಬಹುದು.

ತಿಮಿಶ್ವಾರಾ ನರ್ಸಮ್ಮ

ನಾನು ಉಪವಾಕ್ಯದ ಬಗ್ಗೆ ಎರಡು ಮಾತು ಬರೆದು ಮುಗಿಸುತ್ತೇನೆ, ಡ್ಯೂಟಿಗೆ ಹೊತ್ತಾಯಿತು. 'ನಾನು ನೋಡಿದ ಮನುಷ್ಯ' ಎಂಬಲ್ಲಿ ನಾವು ಕೃದಂತವನ್ನು ಮುಂದಿಟ್ಟು ಮನುಷ್ಯನನ್ನು ಕೊನೆಗೆ ತರುತ್ತೇವೆ. ಅವರು ಮನುಷ್ಯನಿಂದಲೇ ಶುರುಮಾಡಿ 'ಓಮುಲ್ ಪೆ ಕಾರೆ ಲಾಮ್ ವಜುತ್' ಎನ್ನುತ್ತಾರೆ: 'ಮನುಷ್ಯ, ಯಾರನ್ನು ಅವನನ್ನು ನೋಡಿದೆನೋ'. ಮೇಷ್ಟ್ರು ಹೇಳಿದ 'ಪೆ'ಯೂ ಜೋಡಿಮಾತಿನ 'ಲ್' ಕೂಡ ಇಲ್ಲಿಗೂ ಬರುತ್ತವೆ. ಆಡುಮಾತಿನಲ್ಲಿ ಅಲ್ಲಿಯವರೇ ಎಷ್ಟೋ ಸಲ ಈ 'ಪೆ' ಬಿಟ್ಟುಬಿಡುತ್ತಾರೆ. ಓದಿದವರು ಅದನ್ನು ತಪ್ಪೆಂದು ಎಣಿಸುವುದರಿಂದ ನೀವು ಬಿಡಬೇಡಿ.

'ಮಾರಿಯಾ ಬರಲಿ ಎಂದು ಬಯಸುತ್ತೇನೆ' ಎನ್ನಲು 'ವ್ರ್ಯಾವ್ ಸ ವಿನ ಮಾರಿಯಾ'. ಇಲ್ಲಿ 'ಸ' ಎಂಬುದು ಕ್ರಿಯಾಪದದ ಗುಂಪನ್ನು ಬಿಟ್ಟಿರದು. ಮಾರಿಯಾಳನ್ನು ಮುಂದಕ್ಕೆ ತರಬೇಕೆಂದರೆ 'ಕಾ' ಎಂಬ ಇನ್ನೊಂದು ಪದವನ್ನು ಕರೆತರಬೇಕು: 'ವ್ರ್ಯಾವ್ ಕಾ ಮಾರಿಯಾ ಸ ವಿನ'. ಮೊದಲನೆಯದೇ ಹಗುರ, ಅದನ್ನೇ ಬಳಸಿ.

ಕುಂದಾನಗರಿಯವಳು

ಇಷ್ಟೆಲ್ಲ ಓದಿದ ಮೇಲೆ ಒಂದು ಪರೀಕ್ಷೆ ಬರೆಯಲೇಬೇಕಾಯಿತು. ಎದುರು ಮನೆಯ ಹಿರಿಯ ಮಹಿಳೆಗೆ ಬಂದ ಒಂದು ಪೊಟ್ಟಣವನ್ನು ಅವರಿಲ್ಲದಾಗ ನಾನು ಇಸಿದುಕೊಂಡೆ. ಅವರ ಬಾಗಿಲಿಗೆ ಚೀಟಿ ಅಂಟಿಸಬೇಕು. 'ನಿನ್ನೆ ನಿಮಗೊಂದು ಪೊಟ್ಟಣ ಬಂತು. ಅದನ್ನು ನಾನು ತೆಗೆದುಕೊಂಡಿದ್ದೇನೆ. ನಾಳೆ ಬೆಳಿಗ್ಗೆ ನಿಮಗೆ ತಂದುಕೊಡುತ್ತೇನೆ.' ನಾನು ಬರೆದದ್ದು: 'ಯೆರ್ ಉನ್ ಪಾಕೆತ್ ಆ ವೆನಿತ್ ಪೆಂತ್ರು ದುಮ್ನ್ಯಾವ್ವಾಸ್ತ್ರ. ಯೆವ್ ಲಾಮ್ ಲುವಾತ್. ಮಿಯ್ನೆ ದಿಮಿನ್ಯಾತ್ಸ ಇಲ್ ವ ಆದುಕ್.' ತಿದ್ದಿಕೊಡಿ.

ಸೊಮೆಶ್ ದಂಡೆಯ ಕನ್ನಡಿಗ

ಮೊದಲ ವಾಕ್ಯದಲ್ಲಿ ಪೊಟ್ಟಣ ಹೊಸಬ, ಆದ್ದರಿಂದ ಬಲಕ್ಕೆ ಹೋಗಲಿ: 'ಯೆರ್ ಆ ವೆನಿತ್ ಉನ್ ಪಾಕೆತ್ ಪೆಂತ್ರು ದುಮ್ನ್ಯಾವ್ವಾಸ್ತ್ರ'. ಎರಡನೆಯದು ವ್ಯಾಕರಣದಲ್ಲಿ ಸರಿ. ಆದರೆ ಪೊಟ್ಟಣವನ್ನು ಯಾರೋ ತೆಗೆದುಕೊಂಡಿದ್ದಾರೆ ಎಂಬುದು ಚೀಟಿ ನೋಡಿದ ಕೂಡಲೇ ತಿಳಿಯುವುದರಿಂದ 'ಯಾರು' ಎಂಬುದೇ ಇಲ್ಲಿ ಸುದ್ದಿ. 'ಲಾಮ್ ಲುವಾತ್ ಯೆವ್' ಎಂದು ಬರೆಯಿರಿ, ನ್ಯಾಕ್ಶು ಬರೆದ ಹಾಗೆ. ಮೂರನೆಯದರಲ್ಲಿ ಎಲೆಯ ಕ್ರಮ ತಪ್ಪಿದೆ: 'ನಿಮಗೆ' ಮೊದಲು, 'ಅದನ್ನು' ಆಮೇಲೆ. ಎರಡೂ ಕೂಡಿದಾಗ 'ವ' ಎಂಬುದು 'ವಿ' ಆಗುತ್ತದೆ: 'ಮಿಯ್ನೆ ದಿಮಿನ್ಯಾತ್ಸ ವಿಲ್ ಆದುಕ್'.

ಕುಂದಾನಗರಿಯವಳು

ಹಾಗೆಯೇ ಬರೆದು ಅಂಟಿಸಿದೆ. ರಾತ್ರಿ ಬರುವಷ್ಟರಲ್ಲಿ ನನ್ನ ಬಾಗಿಲಿಗೆ ಉತ್ತರ ಅಂಟಿತ್ತು: 'ಮುಲ್ತ್ಸುಮೆಸ್ಕ್. ವ ಆಶ್ತೆಪ್ತ್ ಲಾ ಒ ಕಾಫ್ಯಾ.' ಧನ್ಯವಾದ, ನಿಮ್ಮನ್ನು ಕಾಯುತ್ತೇನೆ, ಒಂದು ಕಾಫಿಗೆ. 'ನಾನು' ಎಲ್ಲೂ ಇಲ್ಲ, 'ನಿಮ್ಮನ್ನು' ಎಂಬ 'ವ' ಕ್ರಿಯಾಪದದ ಮುಂಚೆ ತನ್ನ ಜಾಗದಲ್ಲಿದೆ. ನಾಳೆ ಪೊಟ್ಟಣದೊಂದಿಗೆ ಹೋಗುತ್ತಿದ್ದೇನೆ. 'ಇಮ್ ಪ್ಲಾಚೆ ಕಾಫ್ಯಾವಾ' ಎಂದು ಹೇಳಲು ಬಾಯಿ ಸಿದ್ಧವಾಗಿದೆ.